ಹಕ್ಕಿ ನೋಡುವ ಹಕ್ಕು: ‘ಸ್ಪೆಕೆರೆ’ ಎಂಬ ಕ್ರಿಯಾಪದದ ಹಿನ್ನೆಲೆ

ಪ್ರಾಚೀನ ರೋಮ್‌ನಲ್ಲಿ ಯುದ್ಧಕ್ಕೆ ಹೊರಡುವುದಿರಲಿ, ಚುನಾವಣೆಗೆ ಸಭೆ ಸೇರುವುದಿರಲಿ, ಮೊದಲು ಶಕುನ ನೋಡಬೇಕಿತ್ತು. ಹಾಗೆ ನೋಡುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಆ ಅಧಿಕಾರದ ಹೆಸರು ‘ಸ್ಪೆಕ್ಟಿಯೊ’. ಅದು ಹುಟ್ಟಿದ್ದು ‘ಸ್ಪೆಕೆರೆ’ ಎಂಬ ಹಳೆಯ ಲ್ಯಾಟಿನ್ ಕ್ರಿಯಾಪದದಿಂದ. ಅರ್ಥ, ನೋಡು, ದೃಷ್ಟಿಯಿಟ್ಟು ಗಮನಿಸು.

ಕ್ರಿ.ಪೂ. ಮೊದಲ ಶತಮಾನದಲ್ಲಿ ವಿದ್ವಾಂಸ ವರ್ರೊ ಲ್ಯಾಟಿನ್ ಭಾಷೆಯ ಕುರಿತು ಬರೆಯುವ ಹೊತ್ತಿಗೇ ಈ ಪದ ಹಳತಾಗಿತ್ತು. ಕವಿ ಎನ್ನಿಯಸ್ ಇದನ್ನು ಬಳಸಿದ್ದನೆಂದು ತೋರಿಸಿ, ಹಕ್ಕಿಯನ್ನು ನೋಡುವುದಕ್ಕೆ ಶಕುನಜ್ಞರು ಈಗಲೂ ಇದೇ ಮಾತನ್ನು ಆಡುತ್ತಾರೆ ಎಂದು ಆತ ದಾಖಲಿಸಿದ್ದಾನೆ. ದಿನಬಳಕೆಯಲ್ಲಿ ಸೊರಗಿದ ಮಾತು ಆಚರಣೆಯ ಆಸರೆಯಲ್ಲಿ ಉಸಿರುಳಿಸಿಕೊಂಡದ್ದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಹಿಡಿದ ಸಂಗತಿ. ಹಕ್ಕಿ ಎಂಬರ್ಥದ ‘ಆವಿಸ್’ ಇದರೊಡನೆ ಕೂಡಿ, ಶಕುನ ನೋಡುವವನಿಗೆ ‘ಔಸ್ಪೆಕ್ಸ್’ ಎಂಬ ಹೆಸರಾಯಿತು.

ಈ ನೋಟವನ್ನು ಹಗುರವಾಗಿ ಎಣಿಸುವಂತಿರಲಿಲ್ಲ. ಕ್ರಿ.ಪೂ. 249ರಲ್ಲಿ ಡ್ರೆಪಾನಾ ನೌಕಾಯುದ್ಧಕ್ಕೆ ಮುನ್ನ ಶಕುನದ ಕೋಳಿಗಳು ಕಾಳು ಮುಟ್ಟಲಿಲ್ಲ; ಅದು ಅಪಶಕುನ. ತಿನ್ನದಿದ್ದರೆ ಕುಡಿಯಲಿ ಎಂದು ರೋಮ್‌ನ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್ ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಅವನ್ನು ಸಮುದ್ರಕ್ಕೆ ಎಸೆಯಿಸಿದನೆಂಬುದು ರೋಮನ್ನರು ಹೇಳಿಕೊಂಡು ಬಂದ ಕಥೆ. ಅಂದು ರೋಮ್‌ನ 93 ಹಡಗುಗಳು ಶತ್ರುಗಳಾದ ಕಾರ್ತೇಜಿನವರ ವಶವಾದವು. ಊರಿಗೆ ಮರಳಿದ ಮೇಲೆ ಅವನು ವಿಚಾರಣೆ ಎದುರಿಸಿ ದಂಡ ತೆರಬೇಕಾಯಿತು.

ಬಿಡಿಯಾಗಿ ಬಾಳದ ಪದ ಉಪಸರ್ಗಗಳ ಜೊತೆ ಹುಲುಸಾಗಿ ಬೆಳೆಯಿತು. ‘ರೆಸ್ಪಿಕೆರೆ’ ಎಂದರೆ ತಿರುಗಿ ನೋಡುವುದು, ‘ಇನ್‌ಸ್ಪಿಕೆರೆ’ ಎಂದರೆ ಒಳಹೊಕ್ಕು ನೋಡುವುದು. ‘ಡೆಸ್ಪಿಕೆರೆ’ ಮೇಲಿನಿಂದ ಕೆಳಕ್ಕೆ ನೋಡುವುದು, ಹಾಗಾಗಿ ತಿರಸ್ಕರಿಸುವುದು. ನಾವೂ ‘ಕೀಳಾಗಿ ಕಾಣು’ ಎನ್ನುತ್ತೇವಲ್ಲ. ‘ಸುಸ್ಪಿಕೆರೆ’ಯ ದಾರಿ ಎರಡಾಗಿ ಕವಲೊಡೆಯಿತು: ಕೆಳಗಿನಿಂದ ಮೇಲಕ್ಕೆತ್ತಿದ ಆ ನೋಟ ಗೌರವವೂ ಆಯಿತು, ಸಂಶಯವೂ ಆಯಿತು. ಇದೇ ಕುಲದ ‘ಸ್ಪೆಕ್ಟ್ರಮ್’ ಪ್ರೇತರೂಪವನ್ನೂ ಸೂಚಿಸುತ್ತಿತ್ತು. 1672ರಲ್ಲಿ ಪ್ರಕಟವಾದ ಪತ್ರದಲ್ಲಿ ನ್ಯೂಟನ್ ಅದನ್ನು ಬಣ್ಣಗಳ ಪಟ್ಟಿಗೆ ಬಳಸಿದ.

ಬೇರು ಇನ್ನೂ ಆಳಕ್ಕಿಳಿದಿದೆ. ಇಂಡೋ-ಯುರೋಪಿಯನ್ ಭಾಷೆಗಳ ಆದಿರೂಪದಲ್ಲಿ ‘ಸ್ಪೆಕ್’ ಎಂಬ ಧಾತುವಿತ್ತೆಂದು ಭಾಷಾವಿಜ್ಞಾನಿಗಳು ಪುನಾರಚಿಸಿದ್ದಾರೆ. ಗ್ರೀಕ್‌ನಲ್ಲಿ ವ್ಯಂಜನಗಳು ಸ್ಥಾನ ಬದಲಿಸಿ ‘ಸ್ಕೆಪ್’ ಆಯಿತು. ಟೆಲಿಸ್ಕೋಪ್, ಬಿಷಪ್ ಎರಡೂ ಆ ಕವಲಿನವು. ಸಂಸ್ಕೃತದಲ್ಲಿ ಅದು ‘ಪಶ್ಯತಿ’. ಋಗ್ವೇದದ ಮೊದಲ ಮಂಡಲದ 25ನೇ ಸೂಕ್ತದಲ್ಲಿ ವರುಣನ ಸುತ್ತ ಕುಳಿತ ಗೂಢಚಾರರಿಗೆ ‘ಸ್ಪಶಃ’ ಎಂದೇ ಹೆಸರು. ಕನ್ನಡದ ‘ನೋಡು’, ‘ಕಾಣು’ ದ್ರಾವಿಡ ಮೂಲದವು, ಅವಕ್ಕೂ ಲ್ಯಾಟಿನ್ನಿಗೂ ನಂಟಿಲ್ಲ. ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ‘ಸ್ಪಷ್ಟ’ ಮಾತ್ರ ಇದೇ ಧಾತುವಿನದು. ಅದರ ಮೂಲಾರ್ಥ, ಕಣ್ಣಿಗೆ ಕಂಡದ್ದು.