ದಿನಾ ಬೈಬಲ್ ಓದಿದರೂ ನಾನ್ಯಾಕೆ ಬದಲಾಗುತ್ತಿಲ್ಲ?

ಪ್ರಶ್ನೆ: ಬೆಳಿಗ್ಗೆ ಎದ್ದು ಒಂದು ಅಧ್ಯಾಯ ಓದುತ್ತೇನೆ, ಪ್ರಾರ್ಥನೆ ಮಾಡುತ್ತೇನೆ. ಅರ್ಧ ಗಂಟೆಯೊಳಗೆ ಮನೆಯವರ ಮೇಲೆ ರೇಗಿರುತ್ತೇನೆ. ವಾಕ್ಯವನ್ನು ಜೀವನಕ್ಕೆ ಅನ್ವಯಿಸಿಕೊಳ್ಳಿ ಅನ್ನುತ್ತಾರೆ. ಹಾಗಂದರೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನಗೆ ಗೊತ್ತಿರುವ ದಾರಿ ಒಂದೇ. ಓದುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಒಂದು ವಚನದ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಅದನ್ನು ಮೊದಲು ಕೇಳಿಸಿಕೊಂಡವರಿಗೆ ಆ ಮಾತು ಎಷ್ಟು ಭಾರವಾಗಿತ್ತು ಅಂತ ನೋಡಿ. ಆಮೇಲೆ ನಿಮಗೆ ಗೊತ್ತಿರುವ ಯಾರದಾದರೂ ಮುಖ ಕಣ್ಣ ಮುಂದೆ ಬರುವವರೆಗೆ ಪುಟ ತಿರುಗಿಸಬೇಡಿ.

ಮತ್ತಾಯ 5:23-24 ತೆಗೆದುಕೊಳ್ಳೋಣ. ಯಜ್ಞವೇದಿಗೆ ಕಾಣಿಕೆ ತಂದಿದ್ದೀಯ, ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ಅಲ್ಲಿ ನೆನಪಾಯಿತು, ಹಾಗಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಅನ್ನುತ್ತಾರೆ ಯೇಸು. ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ. ನಡುವೆ 100 ಕಿಲೋಮೀಟರಿಗೂ ಜಾಸ್ತಿ ದಾರಿ, ಮೂರು ನಾಲ್ಕು ದಿನದ ನಡಿಗೆ. ಅಷ್ಟು ದೂರ ನಡೆದು ಬಂದವನು ಕಾಣಿಕೆಯನ್ನು ಹಾಗೇ ಬಿಟ್ಟು, ಊರಿಗೆ ವಾಪಸ್ ನಡೆದು, ರಾಜಿಯಾಗಿ, ಮತ್ತೆ ಬರಬೇಕು. ಕೇಳಿದವರಿಗೆ ಎದೆ ಧಸಕ್ ಅಂದಿರಬೇಕು, ಅಲ್ವಾ?

ಇನ್ನೊಂದು ವಿಷಯ ಗಮನಿಸಿ. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ. ಈ ಒಂದು ಮಾತು ನನಗೆ ಕಾಣಿಸಲು ವರ್ಷಗಳೇ ಬೇಕಾದವು.

ಅಮ್ಮನ ಆಸ್ಪತ್ರೆ ಖರ್ಚಿನ ವಿಷಯಕ್ಕೆ ಅಕ್ಕನಿಗೆ ನಾನು ಆಡಬಾರದ ಮಾತು ಆಡಿದ್ದೆ. ಎರಡು ವರ್ಷ ಮಾತಿರಲಿಲ್ಲ. ನನಗೆ ಅವಳ ಮೇಲೆ ಕೋಪ ಇಲ್ಲ, ಆದ್ದರಿಂದ ನನ್ನ ಮನಸ್ಸು ಸರಿಯಾಗಿಯೇ ಇದೆ ಅಂದುಕೊಂಡಿದ್ದೆ. ಆ ಎರಡು ವರ್ಷದಲ್ಲಿ ಇದೇ ಅಧ್ಯಾಯ ಎಷ್ಟು ಸಲ ಓದಿದ್ದೆನೋ, ಅಡಿಗೆರೆ ಬೇರೆ ಎಳೆದಿದ್ದೆ. ಒಂದು ದಿನ ಮಾತ್ರ ಸುಮ್ನೆ ಕೂತಾಗ ಅಕ್ಕನ ಮುಖ ಬಂತು. ಅವತ್ತೇ ಬಸ್ಸು ಹತ್ತಿದೆ. ತಪ್ಪಾಯ್ತು ಅಕ್ಕ ಅಂದೆ. ಅವಳು ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಊಟ ಮಾಡ್ತೀಯಾ ಅಂದಳು. ಪೂರ್ತಿ ಸರಿಹೋಗಲು ಇನ್ನೂ ಒಂದು ವರ್ಷ ಹಿಡಿಯಿತು.

ಒಂದು ಎಚ್ಚರಿಕೆ. ಈ ವಚನ ತಪ್ಪು ಮಾಡಿದವರಿಗೆ ಹೇಳಿದ್ದು. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಇದನ್ನು ತೋರಿಸಿ ವಾಪಸ್ ಹೋಗಿ ರಾಜಿಯಾಗು ಅನ್ನುವುದು ವಾಕ್ಯವನ್ನು ತಿರುಚಿದಂತೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ವರ್ಷಕ್ಕೆ ದೇವರ ಮಾತು ಅಂತ ಆರಿಸಿಕೊಳ್ಳುವ ವಾಗ್ದಾನ ವಚನಗಳಲ್ಲೂ ಸಂದರ್ಭ ಮರೆಯಬಾರದು. ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ ದೇವರು ಹೇಳುವ ಯೆರೆಮೀಯ 29:11 ತುಂಬಾ ಮನೆಗಳ ಗೋಡೆಯ ಮೇಲಿದೆ, ಆದರೆ ಅದು ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಪತ್ರ, ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಅಂತಿದೆ.

ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪರಿಶುದ್ಧ ಭೋಜನದ ದಿನ, ಕಾಣಿಕೆ ಅರ್ಪಿಸುವ ಮುಂಚೆ, ಕೈಗೆ ಕೈ ಸೇರಿಸಿ ಸಮಾಧಾನ ಹಂಚಿಕೊಳ್ಳುತ್ತಾರೆ. ಮೊದಲು ಸಮಾಧಾನ, ಆಮೇಲೆ ಕಾಣಿಕೆ. ಮತ್ತಾಯ 5ರ ಕ್ರಮವೂ ಅದೇ. ಪಕ್ಕದ ಬೆಂಚಿನಲ್ಲಿ ಇದ್ದವರಿಗೆ ಕೈ ಕೊಟ್ಟು ಮುಗಿಸಿಬಿಡುತ್ತೇವೆ. ಯಾರಿಗೆ ಕೈ ಕೊಡಬೇಕಿತ್ತೋ ಅವರು ಎರಡು ಸಾಲು ಹಿಂದೆ ಕೂತಿರುತ್ತಾರೆ.

ಇನ್ನು ಬದಲಾವಣೆ. ರೋಮಾಪುರದವರಿಗೆ 12:2ರಲ್ಲಿ ಮನಸ್ಸು ಹೊಸದಾಗಿ ಬದಲಾಗಿರಿ ಅನ್ನಲು ಪೌಲ ಬಳಸಿದ ಗ್ರೀಕ್ ಕ್ರಿಯಾಪದವೇ ಬೆಟ್ಟದ ಮೇಲೆ ಯೇಸು ರೂಪಾಂತರಗೊಂಡ ಕಥೆಯಲ್ಲೂ ಇದೆ. ಪೌಲನ ಮಾತಿನಲ್ಲಿ ಅದು ನಡೆಯುತ್ತಲೇ ಇರುವ ಕೆಲಸ, ಮಾಡುವವನು ದೇವರು. ಹಾಗಾಗಿ ಒಂದು ವಾರದಲ್ಲಿ ಕೋಪ ಹೋಗಲಿಲ್ಲ ಅಂತ ಕುಗ್ಗಬೇಡಿ.

ನಾಳೆ ಬೆಳಿಗ್ಗೆ ಹೊಸ ಅಧ್ಯಾಯ ಬೇಡ. ಮತ್ತಾಯ 5ರ ಈ ಎರಡೇ ವಚನ ಓದಿ, ಬೈಬಲನ್ನು ತೆರೆದೇ ಇಟ್ಟು ಎದ್ದು ಹೋಗಿ. ನಿನ್ನೆ ಯಾರ ಮೇಲೆ ರೇಗಿದ್ದಿರೋ ಅವರಿಗೆ ತಪ್ಪಾಯ್ತು ಅಂತ ಹೇಳಿ. ಆಮೇಲೆ ಬಂದು ಪ್ರಾರ್ಥನೆಗೆ ಕೂತುಕೊಳ್ಳಿ.