ಮರಿ ನಾಯಿಯ ಕೀಲು: ಮೊದಲ ವರ್ಷ ಯಾಕೆ ಮುಖ್ಯ

ಮರಿಯ ಎಕ್ಸ್‌ರೇಯನ್ನು ಮೊದಲ ಸಲ ನೋಡಿದಾಗ ಮೂಳೆ ಬಿರುಕು ಬಿಟ್ಟಿದೆಯೇನೋ ಅಂತ ಗಾಬರಿಯಾಗುತ್ತದೆ. ಉದ್ದ ಮೂಳೆಯ ತುದಿಯ ಹತ್ತಿರ ಒಂದು ಕಪ್ಪು ಗೆರೆ ಕಾಣುತ್ತದೆ. ಅದು ಬಿರುಕಲ್ಲ, ಗ್ರೋತ್ ಪ್ಲೇಟ್. ಅಲ್ಲಿರುವುದು ಇನ್ನೂ ಮೂಳೆಯಾಗದ ಕಾರ್ಟಿಲೇಜ್, ಅಂದರೆ ಮೆದು ಮೂಳೆ. ಮೂಳೆ ಉದ್ದ ಬೆಳೆಯುವುದು ಅಲ್ಲಿಂದಲೇ. ಚಿಕ್ಕ ತಳಿಗಳಲ್ಲಿ ಇದು ವರ್ಷ ತುಂಬುವ ಮೊದಲೇ ಮುಚ್ಚಿಕೊಳ್ಳುತ್ತದೆ. ದೊಡ್ಡ ತಳಿಗಳಲ್ಲಿ 12ರಿಂದ 18 ತಿಂಗಳು ಬೇಕು, ತೀರಾ ದೈತ್ಯ ತಳಿಗಳಿಗೆ ಇನ್ನೂ ಜಾಸ್ತಿ.

ಈಗ ಸೊಂಟದ ಕೀಲಿಗೆ ಬರೋಣ. ಬಟ್ಟಲೊಳಗೆ ಗುಂಡು ಕೂತ ಹಾಗಿರುತ್ತದೆ ಇದು. ಈ ಕೀಲು ಸರಿಯಾಗಿ ರೂಪುಗೊಳ್ಳದ ತೊಂದರೆಗೆ ಹಿಪ್ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಅದು ಬರುವ ಮರಿ ಕೂಡ ಹುಟ್ಟುವಾಗ ನೋಡಲು ಸರಿಯಾದ ಕೀಲನ್ನೇ ಹೊತ್ತು ಬರುತ್ತದೆ. ಬೆಳೆಯುತ್ತಾ ಕೀಲು ಸಡಿಲವಾಗುತ್ತದೆ, ಗುಂಡು ಅಲ್ಲಾಡುತ್ತದೆ, ಬಟ್ಟಲು ಆಳವಾಗದೆ ಚಪ್ಪಟೆಯಾಗೇ ಉಳಿಯುತ್ತದೆ. ಸಡಿಲತನ ಹೆಚ್ಚಾಗಿ ವಂಶದಿಂದ ಬರುತ್ತದೆ. ಆದರೆ ಅದು ಎಷ್ಟು ಕೆಡುತ್ತದೆ ಅನ್ನುವುದರಲ್ಲಿ ಮರಿಯ ತೂಕಕ್ಕೆ ದೊಡ್ಡ ಪಾಲಿದೆ.

ನನ್ನ ಪ್ರಕಾರ ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಊಟದ ಬಟ್ಟಲು. ನಾಯಿ ಆಹಾರ ಮಾಡುವ ಪ್ಯೂರಿನಾ ಕಂಪನಿಯ, 2002ರಲ್ಲಿ ಪ್ರಕಟವಾದ ಅಧ್ಯಯನವನ್ನು ನೆನಪಿಡಿ. 48 ಲ್ಯಾಬ್ರಡಾರ್‌ಗಳನ್ನು ಒಂದೇ ಸೂಲಿನ ಜೋಡಿಗಳಾಗಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ, ಮರಿಯಿಂದ ಸಾಯುವವರೆಗೆ. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಉಳಿದವು 11.2. ಕೀಲುನೋವಿಗೆ ಔಷಧ ಬೇಕಾಗುವ ವಯಸ್ಸೂ ಸುಮಾರು 3 ವರ್ಷ ಮುಂದಕ್ಕೆ ಹೋಯಿತು. ಹಾಗಂತ ಸುಮ್ನೆ ಮರಿಯನ್ನು ಉಪವಾಸ ಕೆಡವಬೇಡಿ. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಗುಂಡುಗುಂಡಾಗಿರುವ ಮರಿ ಮುದ್ದಾಗಿರುತ್ತದೆ, ನಿಜ. ಆದರೆ ಆ ಭಾರ ಹೊರುವುದು ಇನ್ನೂ ಗಟ್ಟಿಯಾಗದ ಕೀಲುಗಳು.

ಕ್ಯಾಲ್ಸಿಯಂ ಪುಡಿ ಹಾಕಿದರೆ ಮೂಳೆ ಗಟ್ಟಿಯಾಗುತ್ತದೆ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಬೆಳೆದ ನಾಯಿ ಬೇಡದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ತಡೆಯುತ್ತದೆ. ಎಳೆ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ಹೆಚ್ಚು ಕೊಟ್ಟರೆ ಹೆಚ್ಚೇ ಒಳಗೆ ಸೇರುತ್ತದೆ. ಹೆಚ್ಚಾದರೆ ಕಾರ್ಟಿಲೇಜ್ ಸರಿಯಾಗಿ ಮೂಳೆಯಾಗುವುದಿಲ್ಲ. ದೊಡ್ಡ ತಳಿಯ ಮರಿಗೆ ಅಂತಲೇ ಮಾಡಿದ ಸಮತೋಲನದ ಆಹಾರ ಕೊಡುತ್ತಿದ್ದರೆ ಮೇಲೆ ಏನೂ ಸೇರಿಸಬೇಡಿ.

ಇನ್ನು ಓಡಾಟ. ಕೀಲಿನ ಮೇಲ್ಮೈಯ ಕಾರ್ಟಿಲೇಜಿಗೆ ರಕ್ತನಾಳ ಇಲ್ಲ. ಕೀಲು ಅಲುಗಾಡಿದಾಗ ಒಳಗಿನ ದ್ರವವೇ ಅದಕ್ಕೆ ಪೋಷಣೆ ಮುಟ್ಟಿಸುತ್ತದೆ. ಹಾಗಾಗಿ ಮರಿಯನ್ನು ಕಟ್ಟಿಹಾಕುವುದು ಪರಿಹಾರವಲ್ಲ. ನಾರ್ವೆಯಲ್ಲಿ 4 ದೊಡ್ಡ ತಳಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲ 3 ತಿಂಗಳು ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ ಅಪಾಯ ಜಾಸ್ತಿ ಕಂಡಿತು. ಅದೇ ವಯಸ್ಸಿನಲ್ಲಿ ಹಗ್ಗವಿಲ್ಲದೆ ಮೆತ್ತನೆ ನೆಲದಲ್ಲಿ ಆಡಿಕೊಂಡಿದ್ದವುಗಳಲ್ಲಿ ಕಡಿಮೆ. ‘ವಯಸ್ಸಿನ ಪ್ರತಿ ತಿಂಗಳಿಗೆ 5 ನಿಮಿಷ’ ಅನ್ನುವ ನಡಿಗೆ ಲೆಕ್ಕ ಎಲ್ಲರ ಬಾಯಲ್ಲಿದೆ, ಅದರ ಹಿಂದೆ ಗಟ್ಟಿ ಆಧಾರವಿಲ್ಲ. ಮರಿ ತಾನಾಗಿ ಆಡಲಿ, ಸಾಕಾದಾಗ ಮಲಗಲಿ. ಎತ್ತರದಿಂದ ಮತ್ತೆ ಮತ್ತೆ ಹಾರಿಸುವುದು, ಸೈಕಲ್ ಹಿಂದೆ ಓಡಿಸುವುದು ಬೇಡ. ನುಣುಪು ನೆಲಕ್ಕೆ ಜಾರದ ಚಾಪೆ ಹಾಸಿ, ಉಗುರು ಕತ್ತರಿಸುತ್ತಿರಿ.

ದೊಡ್ಡ ತಳಿಗೆ ಸಂತಾನಹರಣ ಚಿಕಿತ್ಸೆ ಯಾವಾಗ ಅನ್ನುವುದನ್ನೂ ಪಶುವೈದ್ಯರ ಹತ್ತಿರ ಕೇಳಿ. ಗೋಲ್ಡನ್ ರಿಟ್ರೀವರ್‌ನಂಥ ತಳಿಗಳಲ್ಲಿ ವರ್ಷದೊಳಗೆ ಮಾಡಿಸಿದಾಗ ಕೀಲು ತೊಂದರೆ ಹೆಚ್ಚು ಕಂಡಿದೆ.

ಓಡುವಾಗ ಹಿಂಗಾಲು ಎರಡನ್ನೂ ಮೊಲದ ಹಾಗೆ ಒಟ್ಟಿಗೆ ಎತ್ತಿಡುವುದು, ಏಳಲು ತಡಕಾಡುವುದು, ಕುಂಟುವುದು ಕಂಡರೆ ಬೆಳೆದರೆ ಸರಿಹೋಗುತ್ತೆ ಅಂತ ಕಾಯಬೇಡಿ. ಕೀಲಿನ ಸಡಿಲತನ ಅಳೆಯುವ ಪೆನ್‌ಹಿಪ್ ಎಕ್ಸ್‌ರೇಯನ್ನು 16 ವಾರಕ್ಕೇ ಮಾಡಬಹುದು.