ಟ್ರಾವಿಸ್ ಪಿಕಿಂಗ್ ಹಿಂದಿನ ಕೈಗಳು

ಗಿಟಾರ್ ಕಲಿಸುವವರಿಗೆ ಟ್ರಾವಿಸ್ ಪಿಕಿಂಗ್ ದಿನನಿತ್ಯದ ಪಾಠ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮ ಲಯ ಹಿಡಿದಿರಬೇಕು. ತೋರುಬೆರಳು ತೆಳು ತಂತಿಗಳಲ್ಲಿ ಹಾಡನ್ನು ನುಡಿಸಬೇಕು. ಶುರುವಿನಲ್ಲಿ ಹೆಬ್ಬೆರಳು ಹಾಡಿನ ಹಿಂದೆ ಓಡಿಬಿಡುತ್ತದೆ. ಅದಕ್ಕೇ ನಾನು ಮೊದಲು ಹೆಬ್ಬೆರಳಿಗಷ್ಟೇ ಅಭ್ಯಾಸ ಕೊಡುತ್ತೇನೆ.

ಅಮೆರಿಕದ ಕಂಟ್ರಿ ಸಂಗೀತದ ಗುರುತೇ ಈ ಶೈಲಿ. ಹೆಸರು ಬಂದಿದ್ದು ಕೆಂಟಕಿಯ ಕಲ್ಲಿದ್ದಲು ಸೀಮೆಯ ಮರ್ಲ್ ಟ್ರಾವಿಸ್ ಅವರಿಂದ. ಅವರು ಮೋಸ್ ರೇಗರ್, ಐಕ್ ಎವರ್ಲಿ ಅವರಿಂದ ಕಲಿತರು. ಆ ಇಬ್ಬರಿಗೂ ದಾರಿ ತೋರಿಸಿದ್ದು ಕೆನಡಿ ಜೋನ್ಸ್. ಇನ್ನೂ ಹಿಂದಕ್ಕೆ ಹೋದರೆ ಸಿಗುವವರು ಆರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪು ಕಲಾವಿದ. ಬ್ಲೂಗ್ರಾಸ್ ಎಂಬ ಕಂಟ್ರಿ ಪ್ರಕಾರವನ್ನು ಕಟ್ಟಿದ ಬಿಲ್ ಮನ್ರೋ ಕೂಡ ಹುಡುಗನಾಗಿದ್ದಾಗ ಕುಣಿತದ ಕೂಟಗಳಲ್ಲಿ ಇವರ ಜೊತೆ ನುಡಿಸಿದ್ದರು. ಶುಲ್ಟ್ಸ್ 1931ರಲ್ಲಿ ತೀರಿಕೊಂಡರು. ಅವರ ಒಂದು ರೆಕಾರ್ಡೂ ಇಲ್ಲ.

ಕಂಟ್ರಿಯ ಆರಂಭದ ಹೆಸರಾಂತ ತಂಡ ಕಾರ್ಟರ್ ಫ್ಯಾಮಿಲಿಯದೂ ಇಂಥದ್ದೇ ಕಥೆ. ಎ.ಪಿ. ಕಾರ್ಟರ್ ಹಾಡು ಹುಡುಕುತ್ತಾ ಊರೂರು ಸುತ್ತುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್, ಕಪ್ಪು ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ, ರಿಡಲ್ ಧಾಟಿಯನ್ನು ನೆನಪಿನಲ್ಲಿಟ್ಟು ತರುತ್ತಿದ್ದರು.

ಹಾಗಿದ್ದರೂ ಕಂಟ್ರಿ ಅಂದರೆ ಬಿಳಿಯರ ಹಳ್ಳಿ ಹಾಡು ಅಂತ ಯಾಕಾಯಿತು? ನನ್ನ ಪ್ರಕಾರ ಅದು ಪೇಟೆಯಲ್ಲಿ ಕೂತವರ ವ್ಯಾಪಾರದ ಲೆಕ್ಕ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಅಮೆರಿಕದ ದಕ್ಷಿಣ ಭಾಗದ ಸಂಗೀತವನ್ನು ಎರಡು ಪಟ್ಟಿ ಮಾಡಿದವು. ಕಪ್ಪು ಗಿರಾಕಿಗಳಿಗೆ 'ರೇಸ್' (ಜನಾಂಗ), ಬಿಳಿಯರಿಗೆ 'ಹಿಲ್‌ಬಿಲಿ' (ಗುಡ್ಡಗಾಡಿನವರು). ಸ್ಟುಡಿಯೋ ಒಳಗೆ ಮಾತ್ರ ಈ ಗೆರೆ ಅಷ್ಟು ಗಟ್ಟಿ ಇರಲಿಲ್ಲ. 1930ರಲ್ಲಿ ಬಿಳಿಯ ಕಂಟ್ರಿ ಗಾಯಕ ಜಿಮ್ಮಿ ರಾಜರ್ಸ್ ಹಾಡಿಗೆ ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದಿದರು!

ಹಳ್ಳಿಯ ವೇಷವೂ ಹಾಗೇ ಹುಟ್ಟಿದ್ದು. ಕಂಟ್ರಿಯ ಹೆಸರಾಂತ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ನಡೆದದ್ದು ನ್ಯಾಶ್‌ವಿಲ್ ನಗರದ ವಿಮಾ ಕಂಪನಿಯೊಂದರ ರೇಡಿಯೋದಲ್ಲಿ. ಅಲ್ಲಿ ಹಾರ್ಮೋನಿಕಾ (ಮೌತ್ ಆರ್ಗನ್) ನುಡಿಸುತ್ತಿದ್ದ ಹಂಫ್ರಿ ಬೇಟ್ ಓದಿದ ವೈದ್ಯರು. ನಿರೂಪಕ ಜಾರ್ಜ್ ಹೇ ಈ ವೈದ್ಯರ ತಂಡಕ್ಕೆ 'ಪಾಸಮ್ ಹಂಟರ್ಸ್' ಅಂತ ಕಾಡುಮೇಡಿನ ಹೆಸರಿಟ್ಟರು. ಕೇಳುಗರಲ್ಲೂ ಎಷ್ಟೋ ಜನ ಊರು ಬಿಟ್ಟು ಗಿರಣಿ, ಕಾರ್ಖಾನೆ ಸೇರಿದವರೇ. ಅವರಿಗೆ ಊರಿನ ನೆನಪು ಮಾರಬೇಕಿತ್ತು, ಅಲ್ವಾ?

ಅದೇ ಆಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರು ಡಿಫೋರ್ಡ್ ಬೇಲಿ, ಕಪ್ಪು ಹಾರ್ಮೋನಿಕಾ ವಾದಕ. 1941ರಲ್ಲಿ ಅವರನ್ನು ಕೈಬಿಟ್ಟರು. ಆಮೇಲೆ ಬೂಟ್ ಪಾಲಿಶ್ ಅಂಗಡಿಯೇ ಅವರ ಜೀವನ. ಕಂಟ್ರಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ, ತೀರಿಕೊಂಡು 23 ವರ್ಷವಾದ ಮೇಲೆ.

ಹೆಬ್ಬೆರಳು ಕಲಿಯುವವರಿಗೂ ನಾನು ಬೇಲಿಯವರ 1927ರ 'ಪ್ಯಾನ್ ಅಮೆರಿಕನ್ ಬ್ಲೂಸ್' ಕೇಳಿಸುತ್ತೇನೆ. ಅದರಲ್ಲಿ ಗಿಟಾರೇ ಇಲ್ಲ. ಒಂದು ಹಾರ್ಮೋನಿಕಾದಲ್ಲೇ ರೈಲು ಹೊರಟು, ವೇಗ ಹಿಡಿದು, ಸೀಟಿ ಹಾಕುತ್ತದೆ. ಲಯ ಮಾತ್ರ ಎಲ್ಲೂ ತಪ್ಪುವುದಿಲ್ಲ.